ನವನೀತಾಳ ಬಲಭುಜ

ನವನೀತಾ ಗದ್ವಾಲಿನ ನೇಕಾರರ ಮನೆಯ ಹಿರಿಯ ಮಗಳು. ಶಾಲೆಯಲ್ಲಿ ಕೈಗೆ ಬಂದ ಬಿಲ್ಲನ್ನು ಡಿಗ್ರಿಗೆ ಸೇರಿದ ಮೇಲೂ ಬಿಟ್ಟಿರಲಿಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ಹೈದರಾಬಾದಿನ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಗುತ್ತಿತ್ತು. ಅಲ್ಲಿ ಊಟವನ್ನು ಬೇರೆಯವರು ಬಡಿಸುತ್ತಾರಂತೆ ಎಂದು ಗೆಳತಿಯರಿಗೆ ಪದಕದ ಸುದ್ದಿಯ ಹಾಗೆ ಹೇಳುತ್ತಿದ್ದಳು.

ತರಬೇತುದಾರ ಶೇಖರ್ ಅವಸರಪಟ್ಟ. ಇನ್ನೂ ಬಿಗಿಯಾದ ಬಿಲ್ಲು ಕೊಟ್ಟು, ದಿನಕ್ಕೆ ಬಿಡುವ ಬಾಣಗಳನ್ನು ಒಮ್ಮೆಲೇ ಇಮ್ಮಡಿ ಮಾಡಿಸಿದ. ಮೊದಲು ತೋಳು ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕೆಂದು ಆತ ಹೇಳದೆ ಇರಲಿಲ್ಲ. ಆದರೆ ಕಸ, ನೀರು, ಪಾತ್ರೆ, ರೊಟ್ಟಿ ಮುಗಿಸಿ ಅವಳು ಮೈದಾನಕ್ಕೆ ಓಡಿ ಬರುವಷ್ಟರಲ್ಲಿ ಉಳಿದವರು ಗುರಿಯ ಮುಂದೆ ಸಾಲಾಗಿ ನಿಂತಿರುತ್ತಿದ್ದರು. ಬಂದವಳೇ ಹೆದೆ ಎಳೆಯುತ್ತಿದ್ದಳು. ಭುಜ ನೊಂದರೂ ಹೇಳಲಿಲ್ಲ. ಜಡೆ ಹೆಣೆದುಕೊಳ್ಳಲು ಕೈ ಮೇಲೇಳದ ದಿನ ಶೇಖರ್ ಅವಳನ್ನು ಡಾಕ್ಟರ ಬಳಿ ಕರೆದೊಯ್ದ.

ಒಂದೇ ಎಳೆತ ಮತ್ತೆ ಮತ್ತೆ ಬಿದ್ದು ಭುಜದೊಳಗಿನ ಸ್ನಾಯು ಬಾತಿದೆ ಎಂದರು ಡಾಕ್ಟರು. ಒಂದೂವರೆ ತಿಂಗಳು ಬಿಲ್ಲು ಮುಟ್ಟಬಾರದು. ಆಮೇಲೆ ಹಗುರ ಬಿಲ್ಲಿನಿಂದ ಶುರು ಮಾಡಿ, ಬಾಣಗಳನ್ನು ವಾರವಾರ ಸ್ವಲ್ಪವೇ ಹೆಚ್ಚಿಸಬೇಕು. ರಬ್ಬರ್ ಪಟ್ಟಿ ಎಳೆದು ಬೆನ್ನನ್ನು ಗಟ್ಟಿ ಮಾಡಿಕೊಳ್ಳಬೇಕು. ನೋವು ಕಂಡ ದಿನವೇ ನಿಲ್ಲಿಸಬೇಕು. ಹೀಗೆ ಮಾಡಿದರೆ ಆಯ್ಕೆಯ ಹೊತ್ತಿಗೆ ಸರಿಹೋದೀತು, ಇಲ್ಲವಾದರೆ ಹರಿಯುತ್ತದೆ.

ಸುದ್ದಿ ಕೇಳಿ ಅಪ್ಪ ಯಲ್ಲಯ್ಯನ ಮುಖ ಅರಳಿತು.

“ಬಿಲ್ಲು ಬಿಟ್ಟಳಂದ್ರ ಕೈ ಖಾಲಿ ಆತಲ್ಲ. ಅಂಚಿನ ಲಾಳಿ ಒಗ್ಯಾಕ ಕೂಡ್ಲಿ.”

ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಎಳೆಗೆ ಕೂಡಿಸಲು ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು ಲಾಳಿ ಒಗೆದು, ಬಲಗೈಯಿಂದ ದಾರ ಬಿಗಿದೆಳೆಯಬೇಕು. ಅಷ್ಟು ವರ್ಷ ಅಲ್ಲಿ ಕೂತವಳು ತಾಯಿ ಅನಂತಮ್ಮ. ಅವಳ ಭುಜವೂ ನೋಯುತ್ತಿತ್ತು, ಅದಕ್ಕೆ ಯಾರೂ ಡಾಕ್ಟರನ್ನು ಕೇಳಿರಲಿಲ್ಲ. ಮಗಳು ಬಂದು ಕೂತದ್ದರಿಂದ ಅವಳಿಗೆ ಉಸಿರಾಡುವಂತಾಯಿತು. ಆ ಮುಖ ನೋಡಿ ನವನೀತಾ ಆಗುವುದಿಲ್ಲ ಎನ್ನಲಾರದೆ ಹೋದಳು. ತಮ್ಮ ಸಾಯಿನಾಥನ ಎರಡು ಭುಜಗಳೂ ನೆಟ್ಟಗಿದ್ದವು, ಅವನನ್ನು ಯಾರೂ ಕರೆಯಲಿಲ್ಲ. ಮದುವೆಯ ಸುಗ್ಗಿ ಬೇರೆ, ಸೀರೆಯ ಹಿಂದೆ ಸೀರೆ ಮಗ್ಗಕ್ಕೆ ಏರುತ್ತಿತ್ತು. ಬಿಲ್ಲನ್ನು ಮಾತ್ರ ಅವಳು ಮುಟ್ಟಲಿಲ್ಲ. ಹಳೆಯ ದುಪಟ್ಟಾದಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ವಿಶ್ರಾಂತಿ ತಗೊಳ್ಳುತ್ತಿದ್ದೇನೆ ಎಂದೇ ನಂಬಿದ್ದಳು.

ಅವಧಿ ಮುಗಿದು ಮೈದಾನಕ್ಕೆ ಹೋದಳು. ಶೇಖರ್ ಚಿಕ್ಕ ಮಕ್ಕಳ ಹಗುರ ಬಿಲ್ಲು ಕೊಟ್ಟ. ಹೆದೆ ಗಲ್ಲ ಮುಟ್ಟುವ ಮೊದಲೇ ತೋಳು ನಡುಗಿ ಬಾಣ ಕಾಲಬುಡದಲ್ಲಿ ಬಿತ್ತು.

“ಕದ್ದು ಪ್ರಾಕ್ಟೀಸ್ ಮಾಡೀದಿ, ಹೌದಿಲ್ಲೊ?”

“ಇಲ್ರಿ ಸರ್. ಬಿಲ್ಲು ಮುಟ್ಟೇ ಇಲ್ರಿ.”

“ಮತ್ತ ಇಷ್ಟು ದಿನ ಏನ್ ಮಾಡಿದಿ?”

ನವನೀತಾ ನಿಜವಾಗಿಯೂ ನೆನಪು ಮಾಡಿಕೊಂಡಳು.

“ಏನೂ ಮಾಡಿಲ್ರಿ ಸರ್. ಮನ್ಯಾಗ ಇದ್ದೆ.”

ಶೇಖರ್ ನಂಬಲಿಲ್ಲ. ಸುಳ್ಳು ಹೇಳುವವರಿಗೆ ತಾನು ಕಲಿಸುವುದಿಲ್ಲವೆಂದು ಬಿಲ್ಲನ್ನು ಅವಳ ಕೈಯಿಂದ ತೆಗೆದು ನಾರ್ವ ಊರಿನಿಂದ ಬರುವ ಹುಡುಗಿಯೊಬ್ಬಳಿಗೆ ಕೊಟ್ಟ. ಮತ್ತೆ ತೋರಿಸಿದಾಗ ಡಾಕ್ಟರು ಸ್ನಾಯು ಹರಿದಿದೆ ಎಂದರು. ಆಪರೇಷನ್ ಮಾತನ್ನು ಮನೆಯಲ್ಲಿ ಯಾರೂ ಮುಂದುವರಿಸಲಿಲ್ಲ.

ಈಗ ಅವಳು ಎಡಗೈಯಿಂದ ಲಾಳಿ ಒಗೆಯುವುದನ್ನು ಕಲಿತಿದ್ದಾಳೆ. ಎಷ್ಟು ಬೇಗ ಕಲಿತಳು ನೋಡಿ ಎಂದು ಯಲ್ಲಯ್ಯ ಬಂದವರಿಗೆಲ್ಲ ಮೆಚ್ಚಿ ಹೇಳುತ್ತಾನೆ.