ಮೂರನೇ ಮಹಡಿಯ ಗಡಿಯಾರ

ನನ್ನ ಪಕ್ಕದ ಮೇಜಿನ ಚಕ್ರದಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು, ಅದಕ್ಕೇ ಆ ಹೆಸರು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನಮ್ಮ ಕೆಲಸ. ವಾರಕ್ಕೊಮ್ಮೆ ಅವಳು ಮಹಡಿ ಮಹಡಿ ಹತ್ತಿ ಪ್ರತಿ ಕಂಪ್ಯೂಟರಿನ ಗಡಿಯಾರವನ್ನೂ ಕೈಯಾರೆ ಸರಿ ಮಾಡಿ ಬರುತ್ತಿದ್ದಳು. ಕೂತು ಮಾಡುವ ಕೆಲಸ ಕೊಟ್ಟರೆ ಕುರ್ಚಿಯಲ್ಲಿ ಮುಳ್ಳಿದೆಯೇನೋ ಎನ್ನುವ ಹಾಗೆ ಚಡಪಡಿಸುವಳು.

ಆದರೆ ಮೂರನೇ ಮಹಡಿಯ ವಾರ್ಡಿಗೆ ಮಾತ್ರ ಎಷ್ಟೋ ತಿಂಗಳಿಂದ ಕಾಲಿಟ್ಟಿರಲಿಲ್ಲ. ಅಲ್ಲಿ ನರ್ಸ್ ಆಗಿರುವುದು ಅವಳ ಸ್ವಂತ ತಂಗಿ. ತವರಿನ ಹೊಲಿಗೆ ಯಂತ್ರ ಯಾರಿಗೆ ಎಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಹೊಲಿಯಲು ಇಬ್ಬರಿಗೂ ಬರುವುದಿಲ್ಲ, ಆ ಮಾತು ಬೇರೆ.

ಈಗ ಆ ತಂಗಿಯ ಕೆಲಸಕ್ಕೇ ಕುತ್ತು ಬಂದಿತ್ತು. ಔಷಧಿ ಉಗ್ರಾಣದ ಕಂಪ್ಯೂಟರ್ ಪ್ರಕಾರ ಇಂಜೆಕ್ಷನ್ ಅಲ್ಲಿಂದ ಹೊರಡುವ ಮೊದಲೇ, ವಾರ್ಡಿನ ಕಂಪ್ಯೂಟರಿನಲ್ಲಿ ಅದನ್ನು ರೋಗಿಗೆ ಕೊಟ್ಟಾಗಿತ್ತು. ಕೊಡದೆಯೇ ಕೊಟ್ಟೆನೆಂದು ಬರೆದಿದ್ದಾಳೆ ಎಂದು ಅವಳನ್ನು ತೆಗೆದುಹಾಕಲು ಹೊರಟಿದ್ದರು.

"ಗಡಿಯಾರ ತಪ್ಪಿರೋ ಮಾತೇ ಇಲ್ಲ. ಇವರು ವಾರವಾರ ಹೋಗಿ ಸರಿ ಮಾಡ್ತಾರಲ್ಲ," ಎಂದರು ನಮ್ಮ ಸಾಹೇಬರು, ಚಕ್ರದಕ್ಕನನ್ನು ತೋರಿಸಿ.

ಅವಳು ಬರೆದ ಹೊಸ ಪ್ರೋಗ್ರಾಂ ಅಂದೇ ಸಿದ್ಧವಾಗಿತ್ತು. ಒಂದು ಗುಂಡಿ ಒತ್ತಿದರೆ ಆಸ್ಪತ್ರೆಯ ಎಲ್ಲ ಕಂಪ್ಯೂಟರ್‌ಗಳೂ ತಾವಾಗಿಯೇ ಸರ್ವರ್‌ನ ಸಮಯಕ್ಕೆ ಹೊಂದಿಕೊಳ್ಳುತ್ತವೆ. ಮೂರನೇ ಮಹಡಿಯದೂ ಅಷ್ಟೇ. ಅದು ಹಿಂದೆ ಬಿದ್ದಿತ್ತೇ ಎಂದು ಆಮೇಲೆ ಯಾರೂ ಹುಡುಕಲು ಹೋಗುವುದಿಲ್ಲ. ಅಕ್ಕನ ತಪ್ಪು ಮುಚ್ಚಿಹೋಗುತ್ತದೆ, ತಂಗಿ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾಳೆ.

"ಒತ್ತಿ, ಇನ್ನೇನು ತಡ?" ಎಂದರು ಸಾಹೇಬರು.

ಚಕ್ರದಕ್ಕ ಎದ್ದಳು, ಕೂತಳು. ಬಾಟಲಿ ತೆರೆದು ನೀರು ಕುಡಿಯದೆ ಮುಚ್ಚಿದಳು. ಕಿಟಕಿಯವರೆಗೆ ಹೋಗಿ ಬಂದಳು. ಒತ್ತಿಬಿಡು ಮಾರಾಯ್ತಿ ಎಂದು ಒಳಗೊಳಗೇ ಬೇಡಿಕೊಂಡೆ, ನಾಚಿಕೆಯಿಲ್ಲದೆ.

"ಸರ್, ಮೊದ್ಲು ಮೂರನೇ ಮಹಡಿಗೆ ಬನ್ನಿ," ಎಂದಳು. "ಅಲ್ಲಿಗೆ ನಾನು ಹೋಗೇ ಇಲ್ಲ."

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು, ಸಾಹೇಬರು ಏದುಸಿರು ಬಿಡುತ್ತಾ ಹಿಂದೆ, ನಾನು ಅವರ ಹಿಂದೆ. ವಾರ್ಡಿನ ಕಂಪ್ಯೂಟರ್ ಕಾಲು ಗಂಟೆ ಹಿಂದಿತ್ತು. ಸಾಹೇಬರು ತಮ್ಮ ಕೈಗಡಿಯಾರ ನೋಡಿದರು, ಪರದೆ ನೋಡಿದರು, ಆಮೇಲೆ ತಂಗಿಯ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತಾ ಇದು? ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಅಕ್ಕನ ಕೆಲ್ಸ ಹೋಗ್ತಿತ್ತು ಸರ್."

ಚಕ್ರದಕ್ಕ ಮೊದಲ ಸಲ ಅಲ್ಲಾಡದೆ ನಿಂತಿದ್ದಳು. ತಂಗಿ ಅವಳ ಮುಖ ನೋಡಿದಳು.

"ನನ್ನ ಮಾತಾಡ್ಸೋಕೆ ಬರದಿದ್ರೆ ಹೋಗ್ಲಿ ಕಣೇ. ಗಡಿಯಾರ ಸರಿ ಮಾಡೋಕಾದ್ರೂ ಬರ್ಬಾರ್ದಿತ್ತಾ?"