ಕಸೂತಿ ಹಾಕಿದ ಪಾಕೀಟು

ದೆವ್ವದ ಸುದ್ದಿ ತೆಗೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ ಶುರು ಮಾಡಿದರೆ, "ರಾತ್ರಿ ಏನ್ ಉಂಡಿದ್ರಿ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗೆ ಬಾಯಿ ಮುಚ್ಚಿಸಿಕೊಂಡವರು ಇದನ್ನು ಓದಿದರೆ ನಗಬಹುದು. ನಗಲಿ. ನಾನು ಕಂಡದ್ದಕ್ಕಿಂತ ಹೆಚ್ಚಾಗಿ ಕೈಯಿಂದ ಮುಟ್ಟಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ರಿಕಾರ್ಡಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬದಿಗೊಂದು ಹಾಡಿನ ಸಣ್ಣ ರಿಕಾರ್ಡುಗಳು ಆಗ ಬರತೊಡಗಿದ್ದವು. ಒಂದೊಂದಕ್ಕೂ ಒಂದು ಕಾಗದದ ಚೀಲ. ಹಾಡಿನ ಹೆಸರು ಕಾಣಲೆಂದು ಅದರ ನಡುವೆ ದುಂಡನೆಯ ತೂತು. ನಾವು ಅದನ್ನು ಪಾಕೀಟು ಎನ್ನುತ್ತಿದ್ದೆವು. ಗಿರಾಕಿಗಳು ಹತ್ತು ರಿಕಾರ್ಡು ತೆಗೆಸಿ ಕೇಳಿ, ಒಂದರ ಪಾಕೀಟಿಗೆ ಇನ್ನೊಂದನ್ನು ತುರುಕಿ ಹೋಗುತ್ತಿದ್ದರು. ಯಾವುದು ಯಾವುದರ ಪಾಕೀಟು ಎಂದು ಹೊಂದಿಸುವುದು ನನ್ನ ಪಾಲಿನ ಕೆಲಸ.

ಅದರಲ್ಲಿ ನಾನು ಗಟ್ಟಿಗನಾಗಿದ್ದೆ. ಕಂಪನಿಯವರು ಆಗಾಗ ಪಾಕೀಟಿನ ಬಣ್ಣ ಬದಲಿಸುತ್ತಿದ್ದರು. ಕೆಲವಕ್ಕೆ ಅಂಟಿಸಿದ ಅಂಚು ಒಳಗೆ, ಕೆಲವಕ್ಕೆ ಹೊರಗೆ. ಕೆಲವಕ್ಕೆ ಹೆಬ್ಬೆರಳು ಹಿಡಿಯುವಷ್ಟು ಮೇಲೆ ಕತ್ತರಿಸಿರುತ್ತಿತ್ತು. ಬಹಳ ದಿನ ಒಳಗಿದ್ದ ರಿಕಾರ್ಡು ಕಾಗದದ ಮೇಲೆ ಬಳೆಯಂತೆ ದುಂಡನೆಯ ಗುರುತು ಮೂಡಿಸಿರುತ್ತದೆ, ನಡುವಿನ ಚೀಟಿಯ ಬಣ್ಣ ತೂತಿನ ಅಂಚಿಗೆ ಹತ್ತಿರುತ್ತದೆ. ಈಗಲೂ ಹಳೆಯ ರಿಕಾರ್ಡಿನ ಹುಚ್ಚಿರುವವರು ನನ್ನ ಹತ್ತಿರ ಬಂದು "ಇದು ಅಸಲಿ ಪಾಕೀಟ ಹೌದೇನ್ರಿ?" ಎಂದು ಕೇಳುವುದುಂಟು. ನಾನು ಕಣ್ಣು ಮುಚ್ಚಿ ಸವರಿ ಹೇಳುತ್ತೇನೆ. ಜಂಬ ಎಂದರೆ ಜಂಬವೇ.

ಚನ್ನಬಸಪ್ಪನವರು ನಮ್ಮ ಖಾಯಂ ಗಿರಾಕಿ, ಅರಳೆ ದಲಾಲರು. ಅವರ ಹೆಂಡತಿ ಶಾಂತವ್ವನಿಗೆ ಒಂದು ಭಜನೆಯ ರಿಕಾರ್ಡೆಂದರೆ ಪ್ರಾಣ. ಅದರ ಪಾಕೀಟು ಹರಿದಾಗ ಆಕೆ ಬೇರೆ ಕೇಳಲಿಲ್ಲ. ಹರಿದಲ್ಲಿ ಕೆಂಪು ರೇಶಿಮೆಯಿಂದ ಪುಟ್ಟ ಗೋಪುರದ ಕಸೂತಿ ಹಾಕಿ ಕೂಡಿಸಿದ್ದಳು. ಕಾಗದಕ್ಕೆ ಕಸೂತಿ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ. ಗಂಟಿಲ್ಲ, ಹಿಂದೆ ಮುಂದೆ ಎರಡೂ ಒಂದೇ. ಅಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿ ನಾನು ಬೆರಗಾದಾಗ ಆಕೆ ನಾಚಿ ನಕ್ಕಿದ್ದಳು.

ಆ ಬೇಸಿಗೆಯಲ್ಲಿ ಶಾಂತವ್ವ ಜ್ವರ ಬಂದು ತೀರಿಕೊಂಡಳು. ಸ್ವಲ್ಪ ದಿನದ ಮೇಲೆ ಚನ್ನಬಸಪ್ಪನವರು ಅಂಗಡಿಗೆ ಬಂದರು. ಮುಖ ನೋಡಲಾಗುತ್ತಿರಲಿಲ್ಲ.

"ತಮ್ಮಾ, ನಮ್ಮ ಸಣ್ಣ ಮಗಳು ನೀಲಾ, ಅವ್ವ ಹ್ವಾದಾಗಿಂದ ಒಂದ ಮಾತ ಆಡವಲ್ಲದು. ಆ ರಿಕಾರ್ಡ ಕೈಯಾಗ ಕೊಟ್ರ ತಿರುವಿ ಮುರುವಿ ನೋಡಿ ಕೆಳಗಿಡತೈತಿ. ಅವ್ವನ ಪಾಕೀಟ ಬೇಕದಕ್ಕ. ಮನಿ ಎಲ್ಲಾ ಹುಡುಕಿದೆ. ರಿಕಾರ್ಡಿನ ಧೂಳ ತೊಳಸಾಕ ತಂದಾಗ ನಿಮ್ಮಲ್ಲೇ ಉಳದೈತೇನು, ನೋಡಪಾ."

ಉಳಿದಿರಲಿಲ್ಲ. ಅಂಥ ಪಾಕೀಟನ್ನು ನಾನು ತಪ್ಪಿಸುವವನೇ ಅಲ್ಲ. ಆದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಗೋದಾಮದಾಗ ನೋಡ್ತೇನ್ರಿ ಸಾಹುಕಾರ್ರ" ಎಂದೆ.

ಗೋದಾಮು ಅಂಗಡಿಯ ಹಿಂದೆ, ಒಂದು ಕಾಲದಲ್ಲಿ ಅರಳೆ ತುಂಬುತ್ತಿದ್ದ ಕೋಣೆ. ಕಿಟಕಿಯಿಲ್ಲ, ದೀಪವಿಲ್ಲ. ಹಿಂದಿನ ಗೋಡೆ ದಿಬ್ಬಕ್ಕೆ ತಗುಲಿಕೊಂಡಿತ್ತು. ಅದರಾಚೆ ಬರೀ ಮಣ್ಣು. ನಮ್ಮ ಮಾಲೀಕರು ಹಳೆಯ ಪಾಕೀಟು ಎಸೆಯುವವರಲ್ಲ, ಹೀಗಾಗಿ ಒಳಗೆ ಎದೆಯೆತ್ತರ ಒಟ್ಟಿಲು. ಬೆಳಕಿಗೆಂದು ಬಾಗಿಲು ತೆರೆದಿಟ್ಟು ಒಟ್ಟಿಲಿನ ಹಿಂದೆ ಕೂತು ಹುಡುಕತೊಡಗಿದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಉಂಡು ಮಲಗುವುದು ನಮ್ಮಲ್ಲಿ ರೂಢಿ. ನಾನು ಊಟಕ್ಕೆ ಹೋಗಿದ್ದೇನೆಂದುಕೊಂಡು ಮಾಲೀಕರು ಗೋದಾಮಿನ ಬಾಗಿಲೆಳೆದು ಹೊರಗಿನಿಂದ ಕೊಂಡಿ ಹಾಕಿದರು. ನಾನೆದ್ದು ಕೂಗುವಷ್ಟರಲ್ಲಿ ಮುಂದಿನ ಅಂಗಡಿಗೂ ಕೀಲಿ ಬಿದ್ದಿತ್ತು.

ಮೊದಲು ನಗು ಬಂತು. ಆಮೇಲೆ ಬೆವರು ಬಂತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲು, ಉಸಿರಿಗೆ ಧೂಳು. ಅಂಗೈಯಿಂದ ಬಾಗಿಲು ಬಡಿದೆ. ಹಿಂದಿನ ಗೋಡೆಯಿಂದಲೂ ಬಡಿದ ಸದ್ದಾಯಿತು. ಮಾರ್ದನಿ ಎಂದುಕೊಂಡೆ. ಮತ್ತೆ ಬಡಿದೆ, ಮತ್ತೆ ಕೇಳಿತು. ನಾನು ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ಬಹಳ ಹೊತ್ತಿನಿಂದ ಬಡಿದು ಕೈಸೋತವರು ಬಡಿಯುವಂತೆ, ಮೆಲ್ಲಗೆ, ಬಿಟ್ಟು ಬಿಟ್ಟು.

ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಹನಿ ಮಳೆಯಿಲ್ಲದ ಆ ಬಿಸಿಲಿನಲ್ಲಿ ಹಸಿಮಣ್ಣಿನ ವಾಸನೆ, ಅದರ ಜೊತೆ ವಿಭೂತಿಯ ವಾಸನೆ. ಪಕ್ಕದಲ್ಲಿ ಯಾರೋ ಕಾಲು ಮಡಚಿ ಕೂತಿದ್ದಾರೆಂದು ಖಚಿತವಾಗಿ ಅನಿಸಿತು. ಇಲ್ಲಿಂದ ಇನ್ನು ನಾನು ಹೊರಗೆ ಹೋಗುವುದಿಲ್ಲ ಎಂದೂ ಅನಿಸಿತು.

ಬುದ್ಧಿ ಕೆಡದಿರಲೆಂದು ನನಗೆ ಬರುವ ಒಂದೇ ಕೆಲಸ ಮಾಡಿದೆ. ಒಟ್ಟಿಲಿನಿಂದ ಒಂದೊಂದೇ ಪಾಕೀಟು ಎಳೆದು ಸವರತೊಡಗಿದೆ. ಇದು ಅಂಚು ಒಳಗಿನದು. ಇದು ಹೊರಗಿನದು. ಇದು ಮೇಲೆ ಕತ್ತರಿಸಿದ್ದು. ಹೀಗೇ ಗೊಣಗುತ್ತಿರುವಾಗ ಒಂದು ಪಾಕೀಟು ತಣ್ಣಗೆ, ತೇವವಾಗಿ ಕೈಗೆ ಬಂತು. ಬೆರಳಿಗೆ ಹೊಲಿಗೆ ಹತ್ತಿತು. ತಿರುಗಿಸಿದೆ, ಆ ಕಡೆಗೂ ಅದೇ ಹೊಲಿಗೆ. ಎಲ್ಲೂ ಗಂಟಿರಲಿಲ್ಲ. ಗೋಡೆಯ ಸದ್ದು ನಿಂತಿತು.

ಮಾಲೀಕರು ಬಂದು ಕೊಂಡಿ ತೆಗೆದು ಹೌಹಾರಿದರು. "ಏ ಮಾರಾಯಾ, ಒಳಗ ಇದ್ದೇನೋ? ಒದರಬಾರದೇನು?" ಬೆಳಕಿಗೆ ಬಂದು ನೋಡಿದೆ. ಕೆಂಪು ಗೋಪುರ ಹಾಗೇ ಇತ್ತು, ಕಾಗದಕ್ಕೆ ಮಣ್ಣು ಹತ್ತಿತ್ತು. ನೆಲದ ಥಂಡಿ ಎಂದುಕೊಂಡೆ. ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಗೋಡೆಯ ಸದ್ದೂ ನನ್ನ ತಲೆಯದೇ ಎಂದು ಸಮಾಧಾನ ಮಾಡಿಕೊಂಡೆ.

ಸಂಜೆ ಅವರ ಮನೆಗೆ ಹೋದೆ. ಮೊದಲು ರಿಕಾರ್ಡು ಇಸಿದುಕೊಂಡು ತಾಳೆ ನೋಡಿದೆ. ಬಳೆ ಕೂಡಿತು, ತೂತಿನ ಅಂಚಿನ ಬಣ್ಣವೂ ಕೂಡಿತು. ಅಸಲಿಯೇ. ನೀಲಾ ಅದನ್ನು ಇಸಿದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. ತಿರುಗಿಸಿ ಮತ್ತೆ ಆಡಿಸಿದಳು. ರಿಕಾರ್ಡನ್ನು ಒಳಗೆ ಹಾಕಿ, ಹೊರಗೆ ತೆಗೆದು, ತಂದೆಯ ಮುಂದೆ ಹಿಡಿದಳು.

"ಹಾಡ ಹಚ್ಚಪಾ" ಎಂದಳು.

ಚನ್ನಬಸಪ್ಪನವರು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಅವರ ತಾಯಿ ನಿಂತಿದ್ದರು. ನಾನು ಚಪ್ಪಲಿ ಮೆಟ್ಟುವಾಗ ಹಿಂದೆಯೇ ಕಟ್ಟೆಗೆ ಬಂದು ನನ್ನ ಮುಂಗೈ ಹಿಡಿದರು. "ತಮ್ಮಾ, ಖರೇ ಹೇಳು. ಅದು ನಿನಗ ಎಲ್ಲಿ ಸಿಕ್ತು?"

"ನಮ್ಮ ಗೋದಾಮದಾಗ್ರಿ, ಅಮ್ಮಾರ."

"ಮಣ್ಣ ಮಾಡೂ ದಿನ ಉಡಿ ತುಂಬಿದ್ವಲ್ಲಾ, ಕಾಯಿ ಕುಬುಸದ ಜೋಡಿ ಅದನ್ನ ನಾನ ಕೈಯಾರ ಅಕಿ ಉಡ್ಯಾಗ ಇಟ್ಟಿದ್ದೆ. ಮಗಗ ಹೇಳಿಲ್ಲ. ಅಕಿ ಜೋಡಿನ ಮಣ್ಣಾಗ ಹೋತದು."

ಮುತ್ತೈದೆ ಸತ್ತರೆ ಉಡಿ ತುಂಬಿ, ಕುಳ್ಳಿರಿಸಿ ಮಣ್ಣು ಮಾಡುವ ಮನೆತನ ಅವರದು. ಇಂಥದು ಇನ್ನೊಂದಿತ್ತೇ ಎಂದು ತೊದಲಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಅದು ಹೇಗೆ ಬಂತೆಂದು ಆ ಮುದುಕಿ ಕೇಳಲೇ ಇಲ್ಲ. ನನ್ನ ಕೈ ಬಿಡದೆ ಬೇರೆಯೇ ಒಂದು ಮಾತು ಕೇಳಿದರು.

"ಅಕಿ ಅಲ್ಲಿ ಆರಾಮ ಇದ್ದಳೇನಪಾ?"

ಒಳಗೆ ಭಜನೆ ಶುರುವಾಗಿತ್ತು. "ಆರಾಮ ಅದಾರ್ರಿ" ಎಂದೆ. ಅವರು ಕಣ್ಣೊರೆಸಿಕೊಂಡು ಒಳಗೆ ಹೋದರು.

ಗೋಡೆಯ ಸದ್ದಿನ ವಿಷಯ ಅವರಿಗೆ ಹೇಳಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಇಂದಿಗೂ ನಾನು ಮಲಗುವ ಕೋಣೆಯ ಬಾಗಿಲು ಹಾಕಿಕೊಳ್ಳುವುದಿಲ್ಲ. ಮನೆಯವರು ವಯಸ್ಸಾಯಿತೆಂದು ಚೇಷ್ಟೆ ಮಾಡುತ್ತಾರೆ. ಮಗಳಿಗೆ ಪಾಕೀಟು ಮುಟ್ಟಿಸಲೆಂದು ಆಕೆ ಬಡಿದಳೋ, ನನ್ನ ಹಾಗೆಯೇ ಹೊರಗೆ ಬರಲೆಂದು ಬಡಿದಳೋ, ನನಗೆ ಗೊತ್ತಾಗಿಲ್ಲ. ನನ್ನ ಬಾಗಿಲನ್ನೇನೋ ಮಾಲೀಕರು ಬಂದು ತೆಗೆದರು.