ಅಣ್ಣನ ಪೈಪಿನ ಕೋವಿ

ಮೊನ್ನೆ ಕುಂದಾಪುರದ ಸಂತೆಯಲ್ಲಿ ಮಾವಿನಹಣ್ಣಿನ ಬುಟ್ಟಿ ಬಿಚ್ಚಿದರು. ಹಣ್ಣಿಗಿಂತ ಮೊದಲು ಮೂಗಿಗೆ ಬಂದದ್ದು ಕಾರ್ಬೈಡಿನ ವಾಸನೆ. ಕೊಳೆತ ಬೆಳ್ಳುಳ್ಳಿಯನ್ನು ಸುಣ್ಣದಲ್ಲಿ ಅದ್ದಿದ ಹಾಗೆ. ಹೆಂಡತಿ ಹಣ್ಣು ಆರಿಸುತ್ತಿದ್ದಳು. ನಾನು ಚೀಲವನ್ನು ಅವಳ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಅಣ್ಣನ ಅಂಗೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಹೆಮ್ಮಾಡಿಯಿಂದ ಒಳಗೆ, ಕಾಡುಹಾಡಿಯ ಅಂಚಿನಲ್ಲಿ ಅಣ್ಣನ ಮನೆ. ಒಂದಿಷ್ಟು ತೆಂಗು, ಬಾಳೆ, ಅಂಗಳದ ಬದಿಗೆ ಬಸಳೆ ಚಪ್ಪರ. ಬೆಳಗಾದರೆ ಹಾಡಿಯಿಂದ ಮಂಗಗಳು ಇಳಿದು ಬರುತ್ತಿದ್ದವು. ಅವುಗಳನ್ನು ಓಡಿಸಲು ಅಣ್ಣ ದಪ್ಪ ಪ್ಲಾಸ್ಟಿಕ್ ಪೈಪೊಂದನ್ನು ಇಟ್ಟುಕೊಂಡಿದ್ದ. ಅದರೊಳಗೆ ಕಾರ್ಬೈಡಿನ ಕಲ್ಲು, ಹಿಂದೆ ಒಲೆ ಹಚ್ಚುವ ಲೈಟರ್. ಒತ್ತಿದರೆ ಢಂ ಅನ್ನುತ್ತಿತ್ತು, ಅಷ್ಟೇ. ಅದರಿಂದ ಹೊರಗೆ ಬರುತ್ತಿದ್ದದ್ದು ಬರೀ ಶಬ್ದ.

ನಮ್ಮಲ್ಲಿ ಯಾವ ವಸ್ತುವಿಗೂ ಅದರದೇ ಹೆಸರು ಇರಲಿಲ್ಲ. ಟಾರ್ಚಿಗೆ ಬ್ಯಾಟರಿ ಅನ್ನುತ್ತಿದ್ದೆವು. ಮೀನಿಗೆ ಮಂಜುಗಡ್ಡೆ ತುಂಬುವ ಡಬ್ಬ ಫ್ರಿಜ್ಜು. ಬಲ್ಬು ಹೋದರೂ ಕರೆಂಟು ಹೋಯಿತು ಅನ್ನುವುದೇ. ಹಾಗೆಯೇ ಶಬ್ದ ಮಾಡುವುದೆಲ್ಲ ಕೋವಿ, ಅದರೊಳಗೆ ಹಾಕುವುದು ಕಲ್ಲಾಗಲಿ ಕಾಗದವಾಗಲಿ ತೋಟೆ, ಒಂದು ಸಲ ಹೊಡೆದರೆ ಒಂದು ಈಡು. ನಿಜವಾದ ಕೋವಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ಅಣ್ಣನ ತೋಟೆಗಳು ಇರುತ್ತಿದ್ದದ್ದು ಅಡುಗೆಮನೆಯಲ್ಲಿ. ತೇವ ತಾಗಬಾರದೆಂದು ಅತ್ತಿಗೆ ಆ ಕಲ್ಲುಗಳನ್ನು ಮಗುವಿನ ಹಾಲುಪುಡಿಯ ಹಳೆ ಡಬ್ಬಿಯಲ್ಲಿ ಹಾಕಿ, ಒಲೆಯ ಮೇಲಿನ ಹಲಗೆಯಲ್ಲಿ ಮೆಣಸಿನ ಭರಣಿಯ ಹಿಂದೆ ಇಡುತ್ತಿದ್ದರು.

ಆ ಪೈಪನ್ನು ಅಣ್ಣನ ಜೊತೆ ಕೂತು ಮಾಡಿದವರು ಪಕ್ಕದ ಮೂಡುಮನೆಯ ಯಜಮಾನರು; ನಮಗೆಲ್ಲ ಅವರು ಮೂಡುಮನೆಯವರು. ಅವರೂ ಅಣ್ಣನೂ ಒಂದೇ ಪ್ರಾಯದವರು. ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು, ದಿನಾ ಇದೇ ಮಾತು.

"ಹ್ವಾಯ್, ಮಂಗ ಬಂತ್ ಕಾಣ್! ಬಪ್ಪುದಿಲ್ಯಾ?"

"ಬತ್ತೆ ಮಾರಾಯ. ನಿನ್ ಕೋವಿಗೆ ಮಂಗ ಹೆದ್ರುದಿಲ್ಲ, ನಮ್ಮನಿ ದನ ಹಾಲ್ ಕೊಡುದ್ ಬಿಟ್ಟಿತ್!"

ಹಾಗೆ ಹೇಳುತ್ತಲೇ ಮೂಡುಮನೆಯವರು ಬೇಲಿ ದಾಟಿ ಬಂದು ಅತ್ತಿಗೆಯ ಚಾ ಕುಡಿದು, ತಾವೇ ಒಳಗೆ ಹೋಗಿ ಡಬ್ಬಿ ತರುತ್ತಿದ್ದರು. ಬೇರೆ ಯಾರಿಗೂ ಆ ಮನೆಯಲ್ಲಿ ಅಷ್ಟು ಸಲಿಗೆ ಇರಲಿಲ್ಲ. ನನ್ನನ್ನು ಬಿಟ್ಟರೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೈಂದೂರು ಕಡೆ ದೋಣಿಗೆ ಹೋದವನು. ಕುಡಿತ ಅಲ್ಲಿಯೇ ಹತ್ತಿತು. ನನ್ನ ಮಗಳ ನಾಮಕರಣದ ದಿನವೂ ಕುಡಿದಿದ್ದೆ. ಅಣ್ಣ ನನ್ನ ರಟ್ಟೆ ಹಿಡಿದು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ, ಮಾವನ ಮನೆಯವರೆಲ್ಲ ನೋಡುತ್ತಿದ್ದಂತೆ ಒಂದು ಕೊಡಪಾನ ನೀರು ತಲೆಯ ಮೇಲೆ ಸುರಿದ. ಮಕ್ಕಳು ನಕ್ಕವು. ಮಾವನೂ ನಕ್ಕರು. ಆ ನಗು ನನ್ನ ಕಿವಿಯಿಂದ ಹೋಗಲಿಲ್ಲ.

ಅದಾಗಿ ಸ್ವಲ್ಪ ಸಮಯಕ್ಕೆ ಹಾಡಿಯಲ್ಲಿ ಯಾರೋ ಕಾಡುಹಂದಿಯನ್ನು ಗುಂಡಿಟ್ಟು ಹೊಡೆದರು. ಫಾರೆಸ್ಟಿನವರು ವಿಚಾರಿಸುತ್ತ ಬಂದರು. ತಲ್ಲೂರಿನ ಚಾದಂಗಡಿಯಲ್ಲಿ ಒಬ್ಬ ಗಾರ್ಡು ನನ್ನ ಪಕ್ಕ ಕೂತು, ಆ ಕಡೆ ಯಾರ ಹತ್ತಿರವಾದರೂ ಕೋವಿ ಇದೆಯೇ ಎಂದು ಕೇಳಿದ.

"ನಮ್ಮ್ ಅಣ್ಣನ್ ಹತ್ರ ಇತ್ತ್," ಅಂದೆ. "ದಿನಾ ಈಡ್ ಹೊಡಿತ."

"ನೀನ್ ಕಣ್ಣಾರೆ ಕಂಡಿದ್ಯಾ?"

"ಕಂಡಿದ್ದೆ."

"ತೋಟಿ ಎಲ್ಲಿಡ್ತ?"

ಅದನ್ನೂ ಹೇಳಿದೆ. ಒಲೆಯ ಮೇಲಿನ ಹಲಗೆ, ಮೆಣಸಿನ ಭರಣಿಯ ಹಿಂದೆ.

ಊರಲ್ಲಿ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಅವನು ಕೇಳಿದ್ದು ಯಾವ ಕೋವಿಯನ್ನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಪೈಪು ಎಂದು ಒಂದು ಮಾತು ಸೇರಿಸಿದ್ದರೆ ಅವನು ನಕ್ಕು ಎದ್ದು ಹೋಗುತ್ತಿದ್ದ. ಸೇರಿಸಲಿಲ್ಲ.

ಮರುದಿನ ಜೀಪು ಬಂತು. ಬಂದವರು ಬೇರೆಲ್ಲೂ ಹುಡುಕದೆ ನೇರ ಒಲೆಯ ಹತ್ತಿರ ಹೋಗಿ ಡಬ್ಬಿ ತೆಗೆದರಂತೆ. ಮೆಣಸಿನ ಭರಣಿ ಕೆಳಗೆ ಬಿದ್ದು ಒಡೆಯಿತು. ಡಬ್ಬಿಯನ್ನೂ ಪೈಪನ್ನೂ ಎತ್ತಿಕೊಂಡು, ಅಂಗಿ ಹಾಕಿಕೊಳ್ಳಲು ಬಿಡದೆ ಅಣ್ಣನನ್ನು ಜೀಪಿಗೆ ಹತ್ತಿಸಿದರು. ಹೆಮ್ಮಾಡಿ ಪೇಟೆಯಲ್ಲಿ ಜೀಪು ನಿಂತಾಗ ಎಲ್ಲರೂ ನೋಡಿದರು. ಕಂಬದ ಮರೆಯಿಂದ ನಾನೂ ನೋಡಿದೆ. ಫಾರೆಸ್ಟ್ ಆಫೀಸಿನಲ್ಲಿ ಪೈಪನ್ನು ಬಿಚ್ಚಿ ನೋಡಿದ ಮೇಲೆ ಬಿಟ್ಟು ಕಳಿಸಿದರು, ನಿಜ. ಆದರೆ ಹಂದಿ ಕಳ್ಳ ಎಂಬ ಮಾತು ಅಣ್ಣನಿಗಿಂತ ಮೊದಲೇ ಊರು ಮುಟ್ಟಿತ್ತು.

ಮನೆಗೆ ಬಂದ ಅಣ್ಣ ಕೇಳಿದ್ದು ಒಂದೇ. "ಡಬ್ಬಿ ಇಪ್ಪು ಜಾಗ ಅವ್ರಿಗೆ ಹ್ಯಾಂಗ್ ಗೊತ್ತಾಯ್ತ್?"

ಅತ್ತಿಗೆ ಬೇಲಿಯ ಕಡೆ ನೋಡಿದರು. ಅಣ್ಣನೂ ಆ ಕಡೆ ತಿರುಗಿದ. ನಾನು ಅವನ ಎದುರಿಗೇ ಕೂತಿದ್ದೆ. ತಮ್ಮ ಹೇಳಿಯಾನು ಎಂಬುದು ಅವನ ಮನಸ್ಸಿಗೆ ಬರಲೇ ಇಲ್ಲ.

"ನಾ ಅಲ್ದಾ ಮಾರಾಯ, ದೇವ್ರಾಣೆ ನಾ ಅಲ್ಲ," ಎಂದು ಮೂಡುಮನೆಯವರು ಬೇಲಿಯ ಆಚೆ ನಿಂತು ಎಷ್ಟೋ ಹೇಳಿದರು. ಅಣ್ಣ ಬೇಲಿಯ ದಾರಿಗೆ ಮುಳ್ಳು ಹಾಕಿದ. ಮತ್ತೆ ಪೈಪು ಮುಟ್ಟಲಿಲ್ಲ. ತೋಟ ಮಂಗಗಳ ಪಾಲಾಯಿತು. ಪೇಟೆಗೆ ಹೋಗುವುದನ್ನೂ ಬಿಟ್ಟ. ಜಗಲಿಯಲ್ಲಿ ಕೂತಿರುತ್ತಿದ್ದ, ಮಂಗಗಳು ಬಾಳೆಗೊನೆ ಸುಲಿಯುವುದನ್ನು ನೋಡುತ್ತ... ನಾನು ಹೋದಾಗೆಲ್ಲ ನನ್ನ ಕೈ ಹಿಡಿದು, "ನೀ ಒಬ್ಬ ಇದ್ದಿಯಲ್ದಾ," ಅನ್ನುತ್ತಿದ್ದ. ಹೇಳಿಬಿಡಬೇಕೆಂದು ಹೋಗಿ, ಚಾ ಕುಡಿದು ಬರುತ್ತಿದ್ದೆ.

ಹೃದಯದ ಕಾಯಿಲೆಯಲ್ಲಿ ಅಣ್ಣ ಹೋದ. ಹೆಣ ಅಂಗಳದಲ್ಲಿದ್ದಾಗ ಮೂಡುಮನೆಯವರು ಹೆಗಲ ಬೈರಾಸು ವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಬಂದರು. ಅತ್ತಿಗೆ ಎದ್ದು ಅಡ್ಡ ನಿಂತರು.

"ಜೀವ ಇಪ್ಪೊತ್ತಿಗೆ ಮಾಡಿದ್ದ್ ಸಾಕ್, ಹ್ವಾಯ್. ಇನ್ನ್ ಅವ್ರ ಮೋರೆ ಕಾಂಬುದ್ ಬ್ಯಾಡ."

ಅವರು ತಿರುಗಿ ಹೋದರು. ನಾನು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದೆ. ಕಟ್ಟುತ್ತಲೇ ಇದ್ದೆ.

ಮೊನ್ನೆ ಸಂತೆಯಿಂದ ಹೊರಟವನು ಬ್ರಹ್ಮಾವರದ ಬಸ್ಸು ಹತ್ತಿದೆ. ಮೂಡುಮನೆಯವರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ನನ್ನನ್ನು ಕಂಡು ಎಷ್ಟು ಖುಷಿಪಟ್ಟರೆಂದರೆ, "ಎಂತ ಮಾರಾಯ, ಈಗ ನೆನ್ಪಾಯ್ತಾ ನಿಂಗೆ?" ಎಂದು ಬೈದು, ಚಾ ಇಡುವಂತೆ ಮಗಳಿಗೆ ಕೂಗಿ ಹೇಳಿದರು. ನಾನು ಎಲ್ಲವನ್ನೂ ಹೇಳಿದೆ. ಅಣ್ಣನಿಗೆ ಹೇಳಲು ದಾರಿ ಉಳಿದಿಲ್ಲವಲ್ಲ.

ಅವರು ಹೆಗಲ ಬೈರಾಸನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಕೇಳಿದರು.

"ಅಂವ ಸಾಯುವರಿಗೂ ನಾನೇ ಅಂದೇಳಿ ತಿಳ್ಕಂಡಿದ್ನಾ?"

"ಹೌದು," ಅಂದೆ.

ಅವರು ಒಳಗಿನ ಕಡೆ ಮುಖ ತಿರುಗಿಸಿದರು. "ಮಗಾ, ಚಾ ಇಡ್ಬೇಡ. ಅವ್ರ್ ಹೊರ್ಟ್ರ್."

ನಾನು ಇನ್ನೂ ಕೂತೇ ಇದ್ದೆ.